ಅಮ್ಮನ ಬಿಪಿ

ಇವತ್ತು ಅಮ್ಮನ ಬಿಪಿ ನೋಡಿಸಿದೆ. 168/102. ತಲೆನೋವಿಲ್ಲ, ತಲೆಸುತ್ತಿಲ್ಲ, ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಹಾಕಿಯೇ ಹೊರಟಿದ್ದರು. "ಚೆನ್ನಾಗೇ ಇದೀನಲ್ಲೋ, ಮಾತ್ರೆ ಯಾಕೆ" ಅಂತ ಎರಡು ತಿಂಗಳಿಂದ ಬಿಟ್ಟಿದ್ದಾರಂತೆ. ನನಗೆ ಹೇಳಿಯೇ ಇಲ್ಲ.

ನನಗೆ ಭಯವಾಗಿದ್ದು ಆ 'ಚೆನ್ನಾಗೇ ಇದೀನಿ' ಅನ್ನೋ ಮಾತಿಗೆ. 140/90 ದಾಟಿದ ಒತ್ತಡ ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳನ್ನ ಗಡುಸು ಮಾಡುತ್ತೆ. ಹೃದಯದ ಗೋಡೆ ದುಡಿದು ದುಡಿದು ದಪ್ಪಗಾಗುತ್ತೆ. ಕಿಡ್ನಿ, ಕಣ್ಣು ಯಾವುದನ್ನೂ ಬಿಡಲ್ಲ. ನಮ್ಮ ದೊಡ್ಡಪ್ಪನಿಗೆ ಬಿಪಿ ಇತ್ತು ಅಂತ ಗೊತ್ತಾಗಿದ್ದೇ ಲಕ್ವ ಹೊಡೆದ ದಿನ.

ವಂಶ, ವಯಸ್ಸು ನಮ್ಮ ಕೈಲಿಲ್ಲ. ಉಪ್ಪು ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುತ್ತೆ, ಒಂದು ಟೀ ಚಮಚವೂ ಆಗಲ್ಲ. ನಮ್ಮನೇಲಿ ಮಿಡಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇಲ್ಲದೆ ಮೊಸರನ್ನ ಇಳಿಯಲ್ಲ. ಅದರ ಮೇಲೆ ಸಾರಿನ ಉಪ್ಪು ಬೇರೆ.

ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿದ್ದಾರೆ, ಕೇಳದೆ ನಿಲ್ಲಿಸಬಾರದು ಅಂದಿದ್ದಾರೆ. ಡಬ್ಬಿಯನ್ನ ಕಾಫಿಪುಡಿ ಪಕ್ಕದಲ್ಲೇ ಇಟ್ಟು ಬಂದೆ. ನನ್ನದೂ ನೋಡಿಸಿದೆ, 134/86. ಹದಿನೈದು ದಿನ ಬಿಟ್ಟು ಇಬ್ಬರೂ ಮತ್ತೆ ಹೋಗ್ತೀವಿ.