ಹದಿನಾಲ್ಕು ಹೆಸರುಗಳ ಹಾಳೆ ಹಿಡಿದು ಹಳೆ ಗೋವಾಕ್ಕೆ

2024ರ ಡಿಸೆಂಬರಿನಲ್ಲಿ ಅಮ್ಮ, ಸೋದರತ್ತೆ ಮತ್ತು ನಾನು ಬಳ್ಳಾರಿಯಿಂದ ಹಳೆ ಗೋವಾಕ್ಕೆ ಹೊರಟಾಗ ಅತ್ತೆಯ ಕೈಚೀಲದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆಯಿತ್ತು. ಅತ್ತೆಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮೂರ ಚರ್ಚಿನಲ್ಲಿ, ಸೇವೆ ಮಾಡಿದ ಹದಿನಾಲ್ಕು ಗುರುಗಳ (ಪಾದ್ರಿಗಳ) ಹೆಸರು ಅದರಲ್ಲಿದ್ದವು. ತೀರಿಕೊಂಡವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಪುಟ್ಟ ಶಿಲುಬೆ.

ಹದಿನಾರನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಕೆಳಗಿಳಿಸುತ್ತಾರೆ. ಆ ಸಲ ನವೆಂಬರ್ 21ರಿಂದ ಜನವರಿ 5ರವರೆಗೆ ಅದು ಸೇ ಪ್ರಧಾನಾಲಯದಲ್ಲಿ (ಕೆಥೆಡ್ರಲ್‌ನಲ್ಲಿ) ಇತ್ತು. ಈಗ ಹೋಗುವವರು ಎದುರಿನ ಬೋಮ್ ಜೀಸಸ್ ಬೆಸಿಲಿಕಾಕ್ಕೆ ಹೋಗಬೇಕು. ಅಲ್ಲಿ ಬೆಳ್ಳಿಯ ಪೆಟ್ಟಿಗೆ ಎತ್ತರದಲ್ಲಿರುವುದರಿಂದ ಕೆಳಗೆ ನಿಂತೇ ನಮಿಸಬೇಕು, ಹತ್ತಿರದ ದರ್ಶನ ಸಿಗುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಬಳ್ಳಾರಿ, ಹೊಸಪೇಟೆ, ಕೊಪ್ಪಳದವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಅನುಕೂಲ. ಅದು ದಿನವೂ ಓಡುವುದಿಲ್ಲ, ಹೊರಡುವ ವಾರ ನೋಡಿಕೊಂಡು ಟಿಕೆಟ್ ಕಾಯ್ದಿರಿಸಿ. ಮಡಗಾಂವ್‌ನಲ್ಲಿ ಇಳಿದು ಬಸ್ಸಿನಲ್ಲಿ ಪಣಜಿಗೆ, ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ಸುಮಾರು ಹತ್ತು ಕಿಲೋಮೀಟರ್ ದೂರದ ಹಳೆ ಗೋವಾಕ್ಕೆ. ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ. ಡಿಸೆಂಬರ್ 3ರ ಸಂತರ ಹಬ್ಬದ ಆಸುಪಾಸಿನಲ್ಲಿ ಬಹಳ ಜನಸಂದಣಿ. ಮಂಡಿನೋವಿನವರು ಆ ದಿನಗಳನ್ನು ಬಿಟ್ಟು ಹೋಗುವುದೇ ಲೇಸು.

ನಾವು ಬಹಳ ಹೊತ್ತು ಸಾಲಿನಲ್ಲಿ ನಿಂತೆವು. ಗಾಜಿನ ಪೆಟ್ಟಿಗೆಯ ಮುಂದೆ ಸಿಕ್ಕಿದ್ದು ಒಂದು ನಮೋ ಮರಿಯ ಪ್ರಾರ್ಥನೆ ಹೇಳಿ ಮುಗಿಸಲೂ ಸಾಲದಷ್ಟು ಸಮಯ. ಒಣಗಿ ಕಪ್ಪಾದ ಪಾದಗಳನ್ನು ಕಂಡೆ, ಅಷ್ಟರಲ್ಲಿ ಹಿಂದಿನವರಿಗೆ ಜಾಗ ಬಿಡಬೇಕಾಯಿತು. ಅತ್ತೆ ಮಾತ್ರ ತಯಾರಾಗಿದ್ದರು. ಸಾಲಿನಲ್ಲೇ ಜಪಸರದ ಒಂದೊಂದು ಮಣಿಗೆ ಒಂದೊಂದು ಹೆಸರು ಹೇಳಿಕೊಂಡು ಬಂದಿದ್ದರು. ಪ್ರಾರ್ಥನೆಯನ್ನು ಸಾಲಿನಲ್ಲೇ ಮಾಡಿಕೊಳ್ಳಿ, ಪೆಟ್ಟಿಗೆಯ ಮುಂದೆ ತಲೆ ಬಾಗಿದರೆ ಸಾಕು.

ಸಂತರ ಬಲಗೈ ಇಲ್ಲಿಲ್ಲ. 1614ರಲ್ಲಿ ಅದರ ಮುಂಗೈ ಭಾಗವನ್ನು ರೋಮಿಗೆ ಒಯ್ದರು, ಇಂದಿಗೂ ಅದು ಅಲ್ಲಿನ ಜೆಸು ದೇವಾಲಯದಲ್ಲಿದೆ. ಜ್ಞಾನಸ್ನಾನ ಕೊಟ್ಟು ಕೊಟ್ಟು ತೋಳು ಸೋತುಹೋಗುತ್ತದೆ ಎಂದು ಝೇವಿಯರರೇ ಪತ್ರದಲ್ಲಿ ಬರೆದಿದ್ದಾರೆ. ಅದು ನೆನಪಾದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಗುರುಗಳು: ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿ, ತಿಂಡಿಯನ್ನೂ ತಿನ್ನದೆ, ಬಿಸಿಲಿನಲ್ಲಿ ಬೈಕ್ ಏರಿ ಹಳ್ಳಿಯ ಪೂಜೆಗೆ ಹೊರಡುವವರು. ನಮ್ಮ ಧರ್ಮಪ್ರಾಂತ್ಯ (ಬಿಷಪರ ಆಡಳಿತದ ಪ್ರದೇಶ) ಬಳ್ಳಾರಿಯಿಂದ ರಾಯಚೂರು, ಕೊಪ್ಪಳದವರೆಗೆ ಹರಡಿದೆ, ದಾರಿಗಳು ಉದ್ದ. ಕಾಯಿಲೆಯಾದರೆ, ಸಾವಾದರೆ ಮೊದಲು ಅವರಿಗೇ ಫೋನ್ ಮಾಡುತ್ತೇವೆ. ಅವರಿಗಾಗಿ ಯಾವತ್ತು ಮೊಣಕಾಲೂರಿದ್ದೇನೆ ಎಂದು ಅಲ್ಲಿ ನನ್ನನ್ನೇ ಕೇಳಿಕೊಂಡೆ. ಅಳು ಬಂತು.

ಜೊತೆಗೆ ಬರುವ ಅನ್ಯಧರ್ಮೀಯ ಗೆಳೆಯರು ಕೇಳಿದರೆ ಹೇಳಿ: ಆರಾಧನೆ ದೇವರಿಗೆ ಮಾತ್ರ. ಸಂತರ ಶರೀರದ ಅವಶೇಷಗಳಿಗೆ ಸಲ್ಲಿಸುವುದು ಗೌರವ, ಸಂತರಲ್ಲಿ ಕೇಳುವುದು ನಮಗಾಗಿ ಪ್ರಾರ್ಥಿಸಿ ಎಂದು.

ಗೋವಾಕ್ಕೆ ಹೋಗಲಾಗದವರು ಆಗಸ್ಟ್ 4ರಂದು ನಿಮ್ಮ ಧರ್ಮಕೇಂದ್ರದ ಪೂಜೆಗೇ ಹೋಗಿ. ಅಂದು ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಯಲ್ಲಿ ದಿನದ ಬಹುಪಾಲನ್ನು ಪಾಪನಿವೇದನೆ ಆಲಿಸುವುದರಲ್ಲೇ ಕಳೆದವರು ಅವರು.

ಅತ್ತೆಯ ಹಾಳೆ ಈಗ ಅವರ ಪ್ರಾರ್ಥನಾ ಪುಸ್ತಕದಲ್ಲಿದೆ. ನಮ್ಮಲ್ಲಿಗೆ ಹೊಸ ಗುರುಗಳು ವರ್ಗವಾಗಿ ಬಂದ ದಿನವೇ ಅದನ್ನು ಬಿಡಿಸಿ, ಹದಿನೈದನೆಯ ಹೆಸರು ಬರೆದರು.