ದಪ್ಪ ತಂತಿಯ ಝರ್ ಝರ್

14 ಜೂನ್ 2025, ಶನಿವಾರ, ರಾತ್ರಿ

ಹೊಸ ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿ ಎರಡನೇ ಮೂರನೇ ಫ್ರೆಟ್ಟಲ್ಲಿ (ನೆಕ್ ಅಂದ್ರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿ) ಒತ್ತಿದಾಗೆಲ್ಲ ಝರ್ ಅಂತಿತ್ತು. ಇವತ್ತು ಇದಕ್ಕೊಂದು ಗತಿ ಕಾಣಿಸೇ ಬಿಡೋಣ ಅಂತ ಅಲೆನ್ ಕೀ, ಸ್ಟೀಲ್ ಸ್ಕೇಲು, ಫೀಲರ್ ಗೇಜು (ಸಣ್ಣ ಗ್ಯಾಪ್ ಅಳೆಯೋ ತೆಳು ಬ್ಲೇಡುಗಳು), ಕೇಪೋ (ತಂತಿಗಳನ್ನ ಫ್ರೆಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು) ಎಲ್ಲಾ ಹರಡ್ಕೊಂಡು ಕೂತೆ.

ಈ ಝರ್ ಶಬ್ದಕ್ಕೇ ಬಜ್ ಅನ್ನೋದು. ಬಜ್ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, ಸ್ಯಾಡಲ್ (ಬಾಡಿ ಕಡೆ ತಂತಿ ಕೂರೋ ತುಂಡು) ಎತ್ತು ಅಂತ. ಎತ್ತಿದ್ರೆ ಬಜ್ ಹೋಗುತ್ತೆ, ಸುಳ್ಳಲ್ಲ, ಆದ್ರೆ ಅದ್ರ ಜೊತೆ ನುಡಿಸೋ ಸುಖಾನೂ ಹೋಗುತ್ತೆ. ಅದಕ್ಕೆ ಮೊದ್ಲು ಎಲ್ಲಿ ಬಜ್ ಆಗ್ತಿದೆ ಅಂತ ಒಂದೊಂದೇ ಫ್ರೆಟ್ ಒತ್ತಿ ನೋಡ್ಬೇಕು. ಓಪನ್ ತಂತಿ ಮಾತ್ರ ಝರ್ ಅಂದು ಎಲ್ಲಿ ಒತ್ತಿದ್ರೂ ಕ್ಲೀನಾಗಿದ್ರೆ ನಟ್ ಸ್ಲಾಟ್ (ನೆಕ್ ತುದಿಲಿ ತಂತಿ ಕೂರೋ ಕಚ್ಚು) ಜಾಸ್ತಿ ಆಳ ಆಗಿದೆ ಅಂತ, ಮೊದಲ ನಾಲ್ಕೈದು ಫ್ರೆಟ್ಟಲ್ಲಿ ಅಂದ್ರೆ ನೆಕ್ ತೀರಾ ನೆಟ್ಟಗಿದೆ ಇಲ್ಲಾ ಹಿಂದಕ್ಕೆ ಬಾಗಿದೆ, 12ರಿಂದ ಆಚೆ ಆದ್ರೆ ಆಕ್ಷನ್ (ಫ್ರೆಟ್ಟಿಂದ ತಂತಿಗಿರೋ ಎತ್ತರ) ಕಮ್ಮಿ ಇರ್ಬಹುದು ಇಲ್ಲಾ ನೆಕ್ ಮುಂದಕ್ಕೆ ಜಾಸ್ತಿ ಬಾಗಿರ್ಬಹುದು. ನಂದು ಎರಡನೇ ಕೇಸು, ಸೋ ಟ್ರಸ್ ರಾಡ್, ಅಂದ್ರೆ ನೆಕ್ ಒಳಗಿದ್ದು ಅದ್ರ ಬಾಗು ಸರಿಮಾಡೋ ಸರಳು.

ಅಳೆಯೋಕೆ ಮುಂಚೆ ಪೂರ್ತಿ ಟ್ಯೂನ್ ಮಾಡ್ಕೊಂಡೆ, ಯಾಕಂದ್ರೆ ನೆಕ್ಕನ್ನ ಮುಂದಕ್ಕೆ ಎಳೆಯೋದೇ ತಂತಿ, ಸಡಿಲ ತಂತಿ ಇಟ್ಕೊಂಡು ಅಳತೆ ತಗೊಂಡ್ರೆ ಅದು ಯಾವ ಲೆಕ್ಕಕ್ಕೂ ಇಲ್ಲ. ಗಿಟಾರನ್ನ ಮಲಗಿಸದೆ ನುಡಿಸೋ ಥರಾನೇ ತೊಡೆ ಮೇಲೆ ಇಟ್ಕೊಂಡು, ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ, ಬಾಡಿ ಸೇರೋ ಕಡೆ 17ನೇ ಫ್ರೆಟ್ ಹತ್ರ ದಪ್ಪ ತಂತಿ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ರ ಬಗ್ಗಿ ನೋಡಿದ್ರೆ ಗ್ಯಾಪೇ ಇಲ್ಲ, ತಂತಿ ಫ್ರೆಟ್ಟಿಗೆ ಅಂಟ್ಕೊಂಡಂಗಿದೆ. ಅಲ್ಲಿ ಸುಮಾರು 0.25 ಮಿಮೀ ಇರ್ಬೇಕು. ತಂತಿಗೆ ಆಡೋಕೇ ಜಾಗ ಇಲ್ಲ ಅಂದ್ಮೇಲೆ ಫ್ರೆಟ್ಟಿಗೆ ಬಡಿಯದೆ ಇನ್ನೇನ್ ಮಾಡುತ್ತೆ ಪಾಪ.

ರಾಡ್ ಎಡಕ್ಕೆ ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆದು, ಹೀಗೇ ಸ್ವಲ್ಪ ಸ್ವಲ್ಪ. ಬಲಕ್ಕೆ ತಿರುಗಿಸಿದ್ರೆ ಬಿಗಿಯಾಗಿ ನೆಕ್ ಇನ್ನೂ ನೆಟ್ಟಗಾಗುತ್ತೆ. ಕೈಗೆ ಗಟ್ಟಿ ಅನ್ಸಿದ್ರೆ ಅಲ್ಲೇ ನಿಲ್ಲಿಸ್ಬೇಕು, ಇಲ್ಲಿ ಶಕ್ತಿ ಪ್ರದರ್ಶನ ಬೇಡ. 0.25ರ ಬ್ಲೇಡು ತಂತಿ ಕೆಳಗೆ ತೂರಿದಾಗ ತಂತಿ ಮೇಲಕ್ಕೆದ್ರೆ ಗ್ಯಾಪ್ ಇನ್ನೂ ಸಾಲ್ದು ಅಂತ, ಏಳದೇ ಸುಮ್ನೆ ಸವರ್ಕೊಂಡು ಹೋದ್ರೆ ಸಾಕು. ಹಂಗೆ ಹೋಯ್ತು, ಕೇಪೋ ತೆಗೆದು ನುಡಿಸಿದೆ, ಮೂರನೇ ಫ್ರೆಟ್ ಜಿ ನೋಟು ಗಂಟೆ ಹೊಡೆದಂಗೆ ಬಂತು!

ಆಮೇಲೆ ಆಕ್ಷನ್. 12ನೇ ಫ್ರೆಟ್ ಮೇಲೆ 1.6 ಮಿಮೀ ಅನ್ನೋದು ಸಾಮಾನ್ಯ ಲೆಕ್ಕ, ಆದ್ರೆ ನಾನು ಪಿಕ್ಕಲ್ಲಿ ಜೋರಾಗಿ ಹೊಡೆಯೋನು, ಅದಕ್ಕೆ ದಪ್ಪ ತಂತಿಗೆ 1.8, ಸಣ್ಣದಕ್ಕೆ 1.5 ಇಟ್ಕೊಂಡೆ. ಆಕ್ಷನ್ ಕಮ್ಮಿ ಇದ್ದಷ್ಟೂ ಒಳ್ಳೇ ಗಿಟಾರ್ ಅನ್ನೋ ಹುಚ್ಚು ಇದೆಯಲ್ಲ, ಅದ್ರಿಂದಾನೇ ಅರ್ಧ ಜನಕ್ಕೆ ಬಜ್ ಬರೋದು. ನಡುವಿನ ತಂತಿಗಳನ್ನ ಫ್ರೆಟ್‌ಬೋರ್ಡಿನ ಉಬ್ಬಿಗೆ ಸರಿಯಾಗಿ ಒಂಚೂರು ಎತ್ತಿದೆ. ಸ್ಯಾಡಲ್ ಅಲ್ಲಾಡಿಸಿದ್ಮೇಲೆ ಇಂಟೊನೇಶನ್ (ಎಲ್ಲಾ ಫ್ರೆಟ್ಟಲ್ಲೂ ಶ್ರುತಿ ಸರಿ ಇದೆಯಾ ಅಂತ) ನೋಡ್ಲೇಬೇಕು: 12ರಲ್ಲಿ ಒತ್ತಿದ ಸ್ವರ, ಅಲ್ಲೇ ಒತ್ತದೆ ಬರೀ ಮುಟ್ಟಿ ಬರಿಸೋ ಹಾರ್ಮೋನಿಕ್‌ಗಿಂತ ಶಾರ್ಪ್ (ಶ್ರುತಿ ಮೇಲೆ) ಇದ್ರೆ ಸ್ಯಾಡಲ್ ಹಿಂದಕ್ಕೆ, ಫ್ಲಾಟ್ (ಕೆಳಗೆ) ಇದ್ರೆ ಮುಂದಕ್ಕೆ. ಬೋರಿಂಗ್ ಕೆಲ್ಸ, ಮುಗೀತು.

ಆಂಪ್ ಆನ್ ಮಾಡಿದ್ಮೇಲೆ ಉಳಿದಿದ್ದ ಚೂರುಪಾರು ಬಜ್ ಕೇಳಿಸ್ಲೇ ಇಲ್ಲ, ಆಂಪಲ್ಲಿ ಬರದೇ ಇರೋದ್ರ ಬಗ್ಗೆ ನಾನು ತಲೆ ಕೆಡಿಸ್ಕೊಳಲ್ಲ. ಒಂದೇ ಒಂದು ಬಾಕಿ ಇದೆ. ಮೂರನೇ ತಂತಿ 14ನೇ ಫ್ರೆಟ್ಟಲ್ಲಿ ಒತ್ತಿದ್ರೆ ಮಾತ್ರ ಸ್ವರ ಕೊರಗುತ್ತೆ. 14, 15, 16 ಮೂರೂ ಫ್ರೆಟ್ ಮೇಲೆ ಕೂರೋವಷ್ಟು ಉದ್ದದ ನೇರ ಪಟ್ಟಿ ಇಟ್ರೆ ಟಕ್ ಟಕ್ ಅಂತ ಅಲ್ಲಾಡ್ತಿದೆ, ಅಂದ್ರೆ 15ನೇದು ಎದ್ದಿದೆ. ಇದಕ್ಕೆ ರಾಡೂ ಸ್ಯಾಡಲ್ಲೂ ಏನೂ ಮಾಡಲ್ಲ, ಆ ಫ್ರೆಟ್ಟನ್ನ ಕೂರಿಸ್ಬೇಕು ಇಲ್ಲಾ ಉಜ್ಜಿ ಲೆವಲ್ ಮಾಡ್ಬೇಕು. ಹೊಸ ಗಿಟಾರ್ ಮೇಲೆ ಫೈಲ್ ಆಡಿಸೋ ಧೈರ್ಯ ನಂಗಿಲ್ಲ, ವಾರಂಟಿ ಇರುವಾಗ್ಲೇ ಅದನ್ನ ಕೊಟ್ಟವರ ಕೈಗೇ ಗಿಟಾರ್ ಕೊಡ್ತೀನಿ.