ಹಳೆಯ ಕಾರಿನ ಮೂಲ ರೇಡಿಯೋ ರಿಪೇರಿ ಆಗುತ್ತದೆಯೇ?

ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳ ಶೆಡ್ಡುಗಳಲ್ಲಿ ಹಳೆಯ ಕಾರುಗಳು ಇನ್ನೂ ಉಳಿದಿವೆ: ಫಿಯೆಟ್ 1100, ಅಂಬಾಸಡರ್, ಅಪರೂಪಕ್ಕೆ ಒಂದು ಮೋರಿಸ್ ಮೈನರ್. ಎಂಜಿನ್ ಕೆಲಸ, ಟಿಂಕರಿಂಗ್, ಪೇಂಟಿಂಗ್ ಎಲ್ಲವನ್ನೂ ಮುಗಿಸಿಕೊಂಡ ಮಾಲೀಕರು ಕೊನೆಗೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಸರ್, ಅಪ್ಪನ ಕಾಲದಿಂದ ಗಾಡಿಯಲ್ಲೇ ಇರೋ ರೇಡಿಯೋ ಇದು, ಮಾತೇ ಆಡ್ತಿಲ್ಲ. ರಿಪೇರಿ ಆಗುತ್ತಾ, ಇಲ್ಲ ಕಿತ್ತು ಬ್ಲೂಟೂತ್ ಸೆಟ್ ಹಾಕಿಬಿಡೋದಾ?” ರಿಪೇರಿ ಆಗುತ್ತದೆ, ಕೀಳಬೇಡಿ ಎಂಬುದು ನನ್ನ ಉತ್ತರ. ಕೆಟ್ಟಿದೆ ಎಂದು ತಂದ ಸೆಟ್ಟುಗಳಲ್ಲಿ ಎಷ್ಟೋ ಬಾರಿ ದೋಷವಿರುವುದು ರೇಡಿಯೋದಲ್ಲಲ್ಲ, ಅದರ ಸುತ್ತಲಿನ ಕಾರಿನಲ್ಲಿ.

ನಮ್ಮ ಮಲೆನಾಡಿನ ಮಳೆಗೆ ಮೊದಲು ಬಲಿಯಾಗುವುದು ಏರಿಯಲ್, ಅಂದರೆ ಆಂಟೆನಾ. ಮಡ್‌ಗಾರ್ಡಿನ ಮೇಲೆ ಅದನ್ನು ಕೂರಿಸಿದ ಜಾಗದಲ್ಲಿ ನೀರು ಇಳಿದು ತುಕ್ಕು ಹಿಡಿದರೆ ಕೇಬಲ್ಲಿನ ಹೊರಜಾಲರಿಗೂ ಬಾಡಿಗೂ ಇರಬೇಕಾದ ಸಂಪರ್ಕ ಕಡಿದುಹೋಗುತ್ತದೆ. ಶೆಡ್ಡಿನಲ್ಲಿ ಇಲಿಗಳು ಕೇಬಲ್ಲನ್ನೇ ಕಡಿದಿರುವುದೂ ಉಂಟು. ಮಲ್ಟಿಮೀಟರಿನಲ್ಲಿ ನೋಡಿದಾಗ ಏರಿಯಲ್ಲಿನ ಕಡ್ಡಿಯಿಂದ ಪ್ಲಗ್ಗಿನ ನಡುವಿನ ಮೊನೆಗೆ ಸಂಪರ್ಕ ಇರಬೇಕು, ಆ ಮೊನೆಗೂ ಹೊರಜಾಲರಿಗೂ ಇರಬಾರದು, ಹೊರಜಾಲರಿಗೂ ಕಾರಿನ ಬಾಡಿಗೂ ಮತ್ತೆ ಇರಬೇಕು. ಸೆಟ್ಟಿನ ಏರಿಯಲ್ ಸಾಕೆಟ್ಟಿಗೆ ಸ್ಕ್ರೂಡ್ರೈವರಿನ ಮೊನೆ ತಾಗಿಸಿದಾಗ ಸ್ಪೀಕರಿನಲ್ಲಿ ಕರಕರ ಸದ್ದು ಬಂದರೆ ರೇಡಿಯೋ ಬಹುಮಟ್ಟಿಗೆ ಜೀವಂತವಾಗಿದೆ ಎಂದು ತಿಳಿಯಬಹುದು. ಹೊಸ ಏರಿಯಲ್ ಹಾಕಿದವರು ಸಾಕೆಟ್ಟಿನ ಹತ್ತಿರವೇ ಇರುವ, ಏರಿಯಲ್ಲಿಗೆ ಸೆಟ್ಟನ್ನು ಹೊಂದಿಸುವ ಸಣ್ಣ ಟ್ರಿಮ್ಮರ್ ಸ್ಕ್ರೂವನ್ನು ಮರೆಯುತ್ತಾರೆ. ಡಯಲ್ಲಿನಲ್ಲಿ 1400 ಕಿಲೋಹರ್ಟ್ಸ್ ಆಸುಪಾಸಿನ ಕ್ಷೀಣ ಸ್ಟೇಷನ್ ಒಂದನ್ನು ಹಿಡಿದು, ಸದ್ದು ಅತಿ ಹೆಚ್ಚಾಗುವವರೆಗೆ ಅದನ್ನು ನಿಧಾನವಾಗಿ ತಿರುಗಿಸಬೇಕು.

ಎಂಜಿನ್ ಚಾಲೂ ಮಾಡಿದಾಗ ಮಾತ್ರ ಬರುವ ಗದ್ದಲವೂ ರೇಡಿಯೋದ ದೋಷವಲ್ಲ. ಆಕ್ಸಿಲರೇಟರ್ ಒತ್ತಿದಂತೆ ಏರುವ ಕೀರಲು ಡೈನಮೋದ್ದು, ಟಕಟಕ ಎನ್ನುವುದು ಇಗ್ನಿಷನ್ನಿನದು. ಎರಡನೆಯದಕ್ಕೆ ಇಗ್ನಿಷನ್ ಕಾಯಿಲಿನಲ್ಲಿ ಸ್ವಿಚ್ಚಿನಿಂದ ಕರೆಂಟು ಬರುವ ತುದಿಗೂ ಬಾಡಿಗೂ ನಡುವೆ 1 ಮೈಕ್ರೋಫ್ಯಾರಡ್ ಕಂಡೆನ್ಸರ್ (ಕೆಪಾಸಿಟರ್) ಹಾಕಿದರೆ ಸಾಮಾನ್ಯವಾಗಿ ಸಾಕು. ಅದನ್ನೇ ಅಪ್ಪಿತಪ್ಪಿ ಪಾಯಿಂಟಿಗೆ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚಿಗೆ) ಹೋಗುವ ತುದಿಗೆ ಹಾಕಿದರೆ ಗಾಡಿಯ ಓಟವೇ ಕೆಡುತ್ತದೆ.

ಇನ್ನು ಸೆಟ್ಟನ್ನು ಹೊರಗೆ ತೆಗೆಯುವ ಮಾತು. ಅದಕ್ಕೆ ಕರೆಂಟು ಕೊಡುವ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ಬಾನೆಟ್ ಎತ್ತಿ ನೋಡಲೇಬೇಕು. ಮೋರಿಸ್ ಮೈನರ್‌ನಲ್ಲಿ ಬಾಡಿಗೆ ಸೇರಿರುವುದು ಪಾಸಿಟಿವ್. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೆ ಉಲ್ಟಾ ಕರೆಂಟು ಹರಿದರೆ ಅವು ಸುಟ್ಟುಹೋಗಬಹುದು. ಸ್ಪೀಕರ್ ಜೋಡಿಸದೆ ಸೆಟ್ಟನ್ನು ಚಾಲೂ ಮಾಡುವುದೂ ಕೂಡದು. ಮೊದಲ ಸಲ ಕರೆಂಟು ಕೊಡುವಾಗ ಪಾಸಿಟಿವ್ ತಂತಿಯ ನಡುವೆ 21 ವಾಟಿನ ಇಂಡಿಕೇಟರ್ ಬಲ್ಬೊಂದನ್ನು ಸೇರಿಸಿಕೊಳ್ಳುವುದು ನನ್ನ ಪದ್ಧತಿ. ಒಳಗೆಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಸೆಟ್ಟು ಉಳಿಯುತ್ತದೆ.

ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ನಾನು ಮೊದಲು ಬದಲಿಸುವುದು ಒಣಗಿಹೋದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನು. ಅವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈಗಲೂ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ 1960ರ ದಶಕದ ಯೂರೋಪಿನ ಸೆಟ್ಟುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಉಂಟು. ಎಎಫ್ 114ರಿಂದ ಎಎಫ್ 117ರವರೆಗಿನ ಟ್ರಾನ್ಸಿಸ್ಟರುಗಳು ಸಣ್ಣ ಲೋಹದ ಡಬ್ಬಿಯೊಳಗೆ ಕೂತಿರುತ್ತವೆ. ಆ ಡಬ್ಬಿಯ ಒಳಮೈಯ ತವರದ ಲೇಪನದಿಂದ ವರ್ಷಗಳು ಕಳೆದಂತೆ ತಲೆಗೂದಲಿಗಿಂತ ತೆಳ್ಳನೆಯ ತವರದ ಎಳೆಗಳು ತಾವಾಗಿಯೇ ಬೆಳೆದು ಒಳಗಿನ ತುದಿಗಳಿಗೆ ತಾಗುತ್ತವೆ. ಸೆಟ್ಟನ್ನು ಬಳಸದೆ ಬೀರುವಿನಲ್ಲಿ ಇಟ್ಟಿದ್ದರೂ ಅವು ಬೆಳೆಯುತ್ತವೆ. ಆದ್ದರಿಂದ “ಇದು ಹೊಸದೇ, ಪ್ಯಾಕಿಂಗ್ ಕೂಡ ಒಡೆದಿಲ್ಲ” ಎಂದು ಮಾರುವ ಹಳೆಯ ದಾಸ್ತಾನಿನ ಬಿಡಿಭಾಗವನ್ನೂ ನಂಬುವಂತಿಲ್ಲ. ಇವುಗಳ ನಾಲ್ಕು ಕಾಲುಗಳಲ್ಲಿ ಒಂದು ಡಬ್ಬಿಗೆ ಮಾತ್ರ ಸೇರಿದ ಶೀಲ್ಡ್, ಅಂದರೆ ಡಬ್ಬಿಯನ್ನು ಸೆಟ್ಟಿನ ಬಾಡಿಗೆ ಜೋಡಿಸುವ ಕಾಲು. ಎಳೆ ಒಂದೇ ತುದಿಗೆ ತಾಗಿದ್ದರೆ ಶೀಲ್ಡಿನ ಆ ಕಾಲನ್ನು ಕತ್ತರಿಸಿದೊಡನೆ, ಬೇರೆ ಯಾವ ಭಾಗವನ್ನೂ ಮುಟ್ಟದೆ, ಮೂಕವಾಗಿದ್ದ ಸೆಟ್ಟು ಮಾತಾಡತೊಡಗುತ್ತದೆ. ಎರಡು ತುದಿಗಳಿಗೆ ತಾಗಿದ್ದರೆ ಟ್ರಾನ್ಸಿಸ್ಟರನ್ನೇ ಬದಲಿಸಬೇಕು.

ಟ್ರಾನ್ಸಿಸ್ಟರಿಗೂ ಹಿಂದಿನ, ಗಾಜಿನ ಬಲ್ಬಿನಂಥ ವಾಲ್ವುಗಳಿರುವ ಸೆಟ್ಟುಗಳ ದಾರಿ ಬೇರೆ. ಅವು ವೈಬ್ರೇಟರ್ ಎಂಬ ಗುಂಯ್‌ಗುಡುವ ಸಾಧನದ ಮೂಲಕ ಕಾರಿನ ಬ್ಯಾಟರಿಯಿಂದ ಇನ್ನೂರು ವೋಲ್ಟಿಗೂ ಮೇಲ್ಪಟ್ಟ ಒತ್ತಡವನ್ನು ಒಳಗೇ ತಯಾರಿಸಿಕೊಳ್ಳುತ್ತವೆ. ಹನ್ನೆರಡೇ ವೋಲ್ಟು ತಾನೇ ಎಂದು ಕೈಹಾಕಿದವರಿಗೆ ಚೆನ್ನಾಗಿ ಹೊಡೆಯುತ್ತದೆ. ಕೆಲಸ ಗೊತ್ತಿಲ್ಲದವರು ಮುಚ್ಚಳ ತೆಗೆಯದಿರುವುದೇ ಒಳ್ಳೆಯದು.

ಸರಿಯಾದ ಮೇಲೆ ಅದರಲ್ಲಿ ಕೇಳುವುದಾದರೂ ಏನನ್ನು ಎಂಬ ಉಪಪ್ರಶ್ನೆ ತಪ್ಪದೆ ಬರುತ್ತದೆ. ಮೀಡಿಯಂ ವೇವ್ ಮಾತ್ರ ಇರುವ ಸೆಟ್ಟಿನಲ್ಲಿ ಎಫ್‌ಎಂನಲ್ಲಿ ಬರುವ ಹಾಸನ ಆಕಾಶವಾಣಿ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್ ಅದರ ಪಾಲಿನವು. ಡಯಲ್ಲಿನಲ್ಲಿ ಮೀಟರ್ ಲೆಕ್ಕ ಮಾತ್ರ ಇದ್ದರೆ ಮೂರು ಲಕ್ಷವನ್ನು ಕಿಲೋಹರ್ಟ್ಸ್ ಸಂಖ್ಯೆಯಿಂದ ಭಾಗಿಸಿಕೊಳ್ಳಿ: ಬೆಂಗಳೂರು ಸುಮಾರು 490ರಲ್ಲಿ, ಧಾರವಾಡ 392ರಲ್ಲಿ ಇರುತ್ತದೆ. ಘಾಟಿಯ ತಿರುವುಗಳಲ್ಲಿ ಬೆಟ್ಟ ಅಡ್ಡಬಂದು ಎಫ್‌ಎಂ ತಪ್ಪಿಹೋಗುವಲ್ಲಿಯೂ ಮೀಡಿಯಂ ವೇವ್ ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ ಎಂಬುದನ್ನೂ ಹೇಳಬೇಕು.

ಫೋನಿನ ಹಾಡು ಬೇಕೇಬೇಕು ಎನ್ನುವವರಿಗೂ ಸೆಟ್ಟನ್ನು ಕೀಳದೆ ದಾರಿಯಿದೆ. ಫೋನಿನ ಎಡ, ಬಲ ತಂತಿಗಳನ್ನು ತಲಾ 1 ಕಿಲೋಓಮಿನ ರೆಸಿಸ್ಟರಿನ ಮೂಲಕ ಒಂದಾಗಿಸಿ, ಒಂದು ಕಂಡೆನ್ಸರ್ ದಾಟಿಸಿ, ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಬೆಸೆದರೆ ಹಳೆಯ ಆಂಪ್ಲಿಫೈಯರ್, ಹಳೆಯ ಸ್ಪೀಕರುಗಳಲ್ಲೇ ಹಾಡು ಬರುತ್ತದೆ. ಡ್ಯಾಶ್‌ಬೋರ್ಡಿಗೆ ಒಂದು ತೂತನ್ನೂ ಕೊರೆಯಬೇಕಿಲ್ಲ, ಬೇಡವೆನಿಸಿದಾಗ ಬೆಸುಗೆ ಬಿಡಿಸಿದರೆ ಆಯಿತು. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುವ ಗಾಡಿಯಲ್ಲಿ ಮಾತ್ರ ಫೋನನ್ನು ಕಾರಿನ ಚಾರ್ಜರಿಗೆ ಸಿಕ್ಕಿಸಿಕೊಂಡು ಈ ತಂತಿಯನ್ನು ಚುಚ್ಚಬಾರದು. ಚಾರ್ಜರಿನ ನೆಗೆಟಿವ್ ಮತ್ತು ಬಾಡಿಯ ಪಾಸಿಟಿವ್ ಫೋನಿನ ಮೂಲಕವೇ ಸೇರಿ ಶಾರ್ಟ್ ಆಗುತ್ತದೆ.